ಭಾವನ ಕ್ಯೂಗೆ ಹೊಸ ಟಿಪ್

ಭಾವನ ಕ್ಯೂ ಭಾವನ ಕೈಯಲ್ಲಿ ಇದ್ದದ್ದಕ್ಕಿಂತ ಭಾಮೈದನ ಕೈಯಲ್ಲಿ ಇದ್ದದ್ದೇ ಹೆಚ್ಚು. ಹೊರಗಿನವರಿಗೆ ಇದು ಗೊತ್ತಿರಲಿಲ್ಲ. ಟಿವಿಯಲ್ಲಿ ಸ್ನೂಕರ್ ನೋಡುವವರಿಗೆ ಕಾಣುತ್ತಿದ್ದದ್ದು ಕಪ್ಪು ವೇಸ್ಟ್‌ಕೋಟು, ಬೋ ಟೈ, ಹಸಿರು ಮೇಜಿನ ಮೇಲೆ ಬಾಗಿ ಒಂದಾದ ಮೇಲೊಂದು ಚೆಂಡು ಬೀಳಿಸುವ ಚಾಂಪಿಯನ್. ಆ ಚಾಂಪಿಯನ್ ಹಿಂದೆ ಒಬ್ಬ ಹೆಂಡತಿ ಇದ್ದಾಳೆ ಅಂತ ಕಾಮೆಂಟರಿಯವರು ಆಗಾಗ ಹೇಳುತ್ತಿದ್ದರು. ಆ ಹೆಂಡತಿಗೊಬ್ಬ ತಮ್ಮ ಇದ್ದಾನೆ ಅಂತ ಯಾರೂ ಹೇಳುತ್ತಿರಲಿಲ್ಲ. ಹೇಳಲಿಕ್ಕೆ ಅವನೇನು ಮಹಾ ಕೆಲಸ ಮಾಡುತ್ತಿದ್ದ? ಟಿಪ್ ಪಳಗಿಸುತ್ತಿದ್ದ.

ಕ್ಯೂ ಅಂದರೆ ಬರೀ ಕೋಲು ಅಂದುಕೊಂಡವರಿಗೆ ಎರಡು ಮಾತು ಹೇಳಲೇಬೇಕು. ಆ ಕೋಲಿನ ತುದಿಯಲ್ಲಿ ಹಿತ್ತಾಳೆಯದೊಂದು ಸಣ್ಣ ಉಂಗುರ ಇರುತ್ತದೆ. ಅದರ ತಲೆಯ ಮೇಲೆ ಅಂಗಿಯ ಗುಂಡಿಗಿಂತ ಚಿಕ್ಕದಾದ ಚರ್ಮದ ಬಿಲ್ಲೆ ಅಂಟಿಸಿರುತ್ತಾರೆ. ಅದೇ ಟಿಪ್. ಚೆಂಡನ್ನು ಮುಟ್ಟುವುದು ಅದೊಂದೇ, ಮಿಕ್ಕ ಮರವೆಲ್ಲ ಅದರ ಬಾಲ. ಹೊಸ ಬಿಲ್ಲೆ ಅಂಟಿಸಿದ ಕ್ಯೂನಲ್ಲಿ ಎಂಥ ಶೂರನೂ ಪೆದ್ದನಾಗುತ್ತಾನೆ. ನಡುವೆ ಹೊಡೆದರೆ ಚೆಂಡು ಮಂಕಾಗಿ ಹೋಗುತ್ತದೆ, ಬದಿಗೆ ಹೊಡೆದರೆ ತುದಿ ಜಾರಿ ಟಕ್ ಅನ್ನುತ್ತದೆ, ನೋಡುವವರು ನಗುತ್ತಾರೆ. ಹೊಡೆದು ಹೊಡೆದು ಆ ಚರ್ಮ ಒಳಗೊಳಗೇ ಬಿಗಿದು ಕೂರಬೇಕು. ಹಾಗೆ ಹೊಡೆಯುತ್ತಿರುವಾಗ ಯಾವುದೋ ಒಂದು ಹೊಡೆತಕ್ಕೆ ಅದು ‘ಬರುತ್ತದೆ’. ಚೆಂಡು ಹೇಳಿದ ಮಾತು ಕೇಳತೊಡಗುತ್ತದೆ. ಆಮೇಲೆ ಕೆಲವೇ ದಿನ ಸುಖ. ಅಷ್ಟು ದಿನ ಕಳೆದರೆ ಚರ್ಮ ಕಲ್ಲಾಗಿ ಸಾಯುತ್ತದೆ, ಕೆತ್ತಿ ಬಿಸಾಕಿ ಮತ್ತೆ ಹೊಸದು ಅಂಟಿಸಬೇಕು.

ಭಾವನಿಗೆ ಕಣ್ಣಿತ್ತು, ಕೈಯಿತ್ತು, ಗುಂಡಿಗೆಯಿತ್ತು. ಆದರೆ ಚರ್ಮದ ವಿಷಯದಲ್ಲಿ ಮನುಷ್ಯ ಶುದ್ಧ ಕುರುಡ. ಒಂದು ಸಲ ದೊಡ್ಡ ಟೂರ್ನಮೆಂಟಿಗೆ ಮುಂಚೆ ತಾನೇ ಟಿಪ್ ಪಳಗಿಸಿಕೊಂಡು ಹೋಗಿ, ಮೊದಲ ದಿನವೇ ಹೆಸರಿಲ್ಲದವನೊಬ್ಬನಿಗೆ ಸೋತು ಬಂದಿದ್ದ. ಅವತ್ತಿನಿಂದ ಅನುಮಾನ ಹಿಡಿಯಿತು. ಹೊಡೆದದ್ದೆಲ್ಲ ಸರಿಯಾಗಿ ಹೋದರೂ ‘ಬಂತೇನೋ, ಬಂದಿಲ್ವೇನೋ’ ಅಂತ ತುದಿಯನ್ನು ಬೆಳಕಿಗೆ ಹಿಡಿದು ನೋಡುವುದು, ಹೆಬ್ಬೆರಳಲ್ಲಿ ಒತ್ತುವುದು, ತುಟಿಗೆ ತಾಕಿಸುವುದು, ಕೊನೆಗೆ ಊಟ ಬಿಟ್ಟು ಕೂರುವುದು. ಆ ರೋಗಕ್ಕೆ ಮದ್ದು ಮನೆಯಲ್ಲೇ ಇತ್ತು. ನೆಲಮಾಳಿಗೆಯ ಮೇಜಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಗಾಣದೆತ್ತಿನ ಹಾಗೆ ಒಂದೇ ಹೊಡೆತವನ್ನು ಹೊಡೆಯುತ್ತ ಭಾಮೈದ ನಿಲ್ಲುತ್ತಿದ್ದ. ಭಾವ ಮೆಟ್ಟಿಲ ಮೇಲಿಂದ ಬಗ್ಗಿ ಕೇಳುತ್ತಿದ್ದ.

“ಬಂತಾ?”

“ಇನ್ನೂ ಇಲ್ಲ ಭಾವ.”

ಮಾರನೆಯ ದಿನ ಮತ್ತೆ, “ಬಂತಾ?”

“ಬಂತು ಭಾವ.”

ಅಷ್ಟೇ. ಆ ಒಂದು ಮಾತು ಕೇಳಿದ ಮೇಲೆ ಭಾವ ಟಿಪ್ಪನ್ನು ಮುಟ್ಟಿಯೂ ನೋಡುತ್ತಿರಲಿಲ್ಲ. ಜ್ವರ ಬಿಟ್ಟವನ ಹಾಗೆ ಮುಖ ತಿಳಿಯಾಗುತ್ತಿತ್ತು. ಕ್ಯೂ ಬಿಚ್ಚಿ ಪೆಟ್ಟಿಗೆಗೆ ಹಾಕಿಕೊಂಡು ಹೋಗಿ ಗೆದ್ದು ಬರುತ್ತಿದ್ದ. ಬಂದ ಮೇಲೆ ಅತಿಥಿಗಳ ಮುಂದೆ ಭಾಮೈದನ ಹೆಗಲಿಗೆ ಕೈಹಾಕಿ, “ನನ್ನ ಹೊಸ ಚಪ್ಪಲಿ ನನ್ನ ಕಾಲು ಕಚ್ಚಬಾರದು ಅಂತ ಮೊದಲು ಇವನು ಹಾಕ್ಕೊಂಡು ಓಡಾಡ್ತಾನೆ,” ಅನ್ನುತ್ತಿದ್ದ. ಅತಿಥಿಗಳು ನಗುತ್ತಿದ್ದರು. ಅಕ್ಕ ಎಲ್ಲರಿಗಿಂತ ಮೊದಲು ನಗುತ್ತಿದ್ದಳು. ಕ್ಲಬ್ಬಿನಲ್ಲಿ ಅವನಿಗೆ ‘ಚಕ್ಕಳ’ ಅಂತ ಅಡ್ಡಹೆಸರು ಬಿದ್ದದ್ದೂ ಹೀಗೇ.

ಚಕ್ಕಳನಿಗೆ ಆಡಲು ಬರುತ್ತಿರಲಿಲ್ಲ ಅಂದುಕೊಳ್ಳಬೇಡಿ. ಅಪ್ಪ ಅಮ್ಮ ಹೋದ ಮೇಲೆ ಅಕ್ಕನ ಪೆಟ್ಟಿಗೆಯ ಜೊತೆಗೇ ಆ ಮನೆಗೆ ಬಂದವನು, ಆ ನೆಲಮಾಳಿಗೆಯಲ್ಲೇ ಮೀಸೆ ಮೂಡಿದವನು. ಯಾರೂ ಇಲ್ಲದಾಗ ಭಾವನ ಕ್ಯೂನಲ್ಲಿ ಅವನು ಆಡುತ್ತಿದ್ದ ಆಟ ನೋಡಿದ್ದರೆ ಭಾವನಿಗೆ ಅನ್ನ ಸೇರುತ್ತಿರಲಿಲ್ಲ. ಕಷ್ಟ ಇದ್ದದ್ದು ಬೇರೆ ಕಡೆ. ಅಷ್ಟು ವರ್ಷ ಹಿಡಿದೂ ಹಿಡಿದೂ ಅವನ ಕೈ ಆ ಕ್ಯೂಗೇ ಒಗ್ಗಿಹೋಗಿತ್ತು. ಅದರ ತೂಕ, ಅದರ ಹಿಡಿಯ ದಪ್ಪ, ಹೊಡೆದಾಗ ಮರದೊಳಗಿಂದ ಮಣಿಕಟ್ಟಿಗೆ ಬರುವ ಸಣ್ಣ ನಡುಕ, ಎಲ್ಲ ಅವನ ಮೈಯದೇ ಆಗಿಬಿಟ್ಟಿತ್ತು. ಅವನದೂ ಅಂತ ಒಂದು ಕ್ಯೂ ಇತ್ತು. ಅದನ್ನು ಹಿಡಿದರೆ ಪರರ ಮನೆಯ ಬಚ್ಚಲಲ್ಲಿ ಕರೆಂಟು ಹೋದಾಗ ಸೋಪು ಹುಡುಕಿದ ಹಾಗೆ ಆಗುತ್ತಿತ್ತು.

ಆ ವರ್ಷ ಅವನು ಮನೆಯಲ್ಲಿ ಯಾರಿಗೂ ಹೇಳದೆ ಅರ್ಹತಾ ಪಂದ್ಯಗಳಿಗೆ ಹೆಸರು ಕೊಟ್ಟ. ಪರರ ಬಚ್ಚಲಿನಂಥ ತನ್ನ ಕ್ಯೂನಲ್ಲೇ ತೆವಳಿಕೊಂಡು ಸುತ್ತಿನಿಂದ ಸುತ್ತಿಗೆ ಬಂದು ಕೊನೆಯ ಪಂದ್ಯ ಮುಟ್ಟಿದ. ಅದೊಂದು ಗೆದ್ದರೆ ವೃತ್ತಿ ಆಟಗಾರ. ಭಾವ ಆಡುವ ಟೂರ್ನಮೆಂಟುಗಳಲ್ಲೇ ಭಾವನ ಹಾಗೇ ಬೋ ಟೈ ಕಟ್ಟಿಕೊಂಡು ಆಡಬಹುದು. ಸೋತರೆ ಮತ್ತೆ ನೆಲಮಾಳಿಗೆ. ಈ ವಯಸ್ಸಿನಲ್ಲಿ ಇನ್ನೊಂದು ಸಲ ಅಷ್ಟು ಮೇಲೆ ಹತ್ತುವುದು ಆಗದ ಮಾತು ಅಂತ ಅವನಿಗೇ ಗೊತ್ತಿತ್ತು. ಎದುರಾಳಿ ಶಾಲಾ ಬಸ್ಸಿನ ಡ್ರೈವರ್ ಒಬ್ಬ. ಅವಸರ ಅನ್ನುವುದೇ ಗೊತ್ತಿಲ್ಲದವನು, ತಪ್ಪೂ ಮಾಡದವನು. ಅಂಥವನ ಮುಂದೆ ತೆವಳಿದರೆ ಸಾಲದು, ಓಡಬೇಕು.

ಓಡಬೇಕಾದರೆ ಭಾವನ ಕ್ಯೂ ಬೇಕು. ಪಂದ್ಯದ ದಿನ ಭಾವನಿಗೆ ಆಟವಿರಲಿಲ್ಲ, ಅದರ ಮಾರನೆಯ ದಿನ ಮುಂಜಾನೆ ವಿಮಾನ. ಪಂದ್ಯದ ಹಿಂದಿನ ದಿನ ಅಕ್ಕನ ಹತ್ತಿರ ಬಾಯಿಬಿಟ್ಟಾಗ ಅವಳು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು.

“ಇಷ್ಟು ದೂರ ಹೋಗಿದ್ದೀಯಾ? ನನಗೂ ಹೇಳಲಿಲ್ಲ,” ಅಂದಳು. ಆಮೇಲೆ, “ನೀನೇ ಕೇಳಪ್ಪ. ಕೊಡದೆ ಏನು ಮಾಡ್ತಾರೆ?”

ಕೇಳಿದ. ಭಾವ ಮೊದಲು ಹುಬ್ಬೇರಿಸಿದ. ಆಮೇಲೆ ದೊಡ್ಡದಾಗಿ ನಕ್ಕ. “ಅಯ್ಯೋ ಕಳ್ಳ! ಕೊನೇ ಪಂದ್ಯನಾ? ತಗೊಂಡು ಹೋಗು ಮಹರಾಯ. ಕೊಟ್ಟೋನು ಕೋಡಂಗಿ ಆಗ್ತೀನೇನೋ, ಆಗಲಿ. ಪೂರ್ತಿ ದಿನ ನಿನ್ನದೇ.”

ಭಾಮೈದ ಕೈಮುಗಿದ. ಭಾವನ ಬಗ್ಗೆ ಅಷ್ಟು ವರ್ಷ ಒಳಗೊಳಗೇ ಅಂದುಕೊಂಡದ್ದಕ್ಕೆಲ್ಲ ಮನಸ್ಸಿನಲ್ಲೇ ಕ್ಷಮೆ ಕೇಳಿದ. ಪಾಪದವನು! ಪೆಟ್ಟಿಗೆಯನ್ನು ಮಾತ್ರ ಅವತ್ತು ತೆರೆದು ನೋಡಲಿಲ್ಲ. ಆ ಮನೆಯಲ್ಲಿ ಭಾವ ತೆಗೆದು ಕೈಗೆ ಕೊಡದೆ ಆ ಪೆಟ್ಟಿಗೆಯನ್ನು ಯಾರೂ ತೆರೆಯುತ್ತಿರಲಿಲ್ಲ, ಅಕ್ಕ ಕೂಡ.

ಬೆಳಿಗ್ಗೆ ಆಟದ ಹಾಲಿನಲ್ಲಿ ಪೆಟ್ಟಿಗೆ ತೆರೆದ. ಎರಡು ತುಂಡು ಸೇರಿಸಿ ತಿರುಗಿಸಿದ. ಚಾಕ್ ಹಚ್ಚಲು ತುದಿಯನ್ನು ಕಣ್ಣ ಮುಂದೆ ತಂದ. ಹೊಚ್ಚ ಹೊಸ ಚರ್ಮ. ಒಂದು ಚೆಂಡನ್ನೂ ಮುಟ್ಟಿರಲಿಲ್ಲ, ಅಂಚಿನಲ್ಲಿ ಅಂಟು ಇನ್ನೂ ಹೊಳೆಯುತ್ತಿತ್ತು.

ಮನೆಗೆ ಫೋನ್ ಮಾಡಿದ. ಅಕ್ಕ ಎತ್ತಿದಳು. ಅವನು ತೊದಲಿ ತೊದಲಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪಳಗಿಸೋದು ನಿನ್ನ ಕೆಲಸ ತಾನೇ? ಪಳಗಿಸ್ಕೊಂಡು ಆಡು,” ಅಂದಳು. ಅಷ್ಟರಲ್ಲಿ ಭಾವ ಫೋನ್ ಕಿತ್ತುಕೊಂಡ.

“ಹಳೇದು ಸತ್ತುಹೋಗಿತ್ತಯ್ಯ, ನಿನ್ನೆ ಹೊಸದು ಹಾಕಿಸಿದೆ. ಇಲ್ಲದಿದ್ರೆ ನಾಳೆ ನಾನು ಏನು ಹಿಡ್ಕೊಂಡು ಹೋಗಲಿ? ಹೇಗೂ ನೀನು ಇಡೀ ದಿನ ಹೊಡೀತೀಯಲ್ಲ. ಸ್ವಾಮಿ ಕಾರ್ಯವೂ ಆಯ್ತು, ಸ್ವಕಾರ್ಯವೂ ಆಯ್ತು. ಗೆದ್ದು ಬಾ!”

ಭಾವನ ದನಿಯಲ್ಲಿ ಕೆಟ್ಟತನ ಅನ್ನುವುದು ಒಂದು ಚೂರೂ ಇರಲಿಲ್ಲ, ಅದೇ ಘೋರ. ಭಾಮೈದನ ಬದುಕಿನ ಏಕೈಕ ಪಂದ್ಯ ಅವನ ಲೆಕ್ಕದಲ್ಲಿ ತನ್ನ ಚರ್ಮ ಒತ್ತುವ ಒಂದು ದಿನ. ತನ್ನ ಕ್ಯೂ ತರೋಣವೆಂದರೆ ಅದು ಮನೆಯಲ್ಲಿತ್ತು, ರೆಫರಿ ಆಗಲೇ ಚೆಂಡು ಜೋಡಿಸುತ್ತಿದ್ದ.

ಚೆಂಡು ಜೋಡಿಸಿ ಒಂದು ಸಲ ಆಡಿ ಮುಗಿಸಿದರೆ ಒಂದು ಫ್ರೇಮ್, ಅಂಥ ಒಂಬತ್ತು ಫ್ರೇಮ್ ಮೊದಲು ಗೆದ್ದವನಿಗೆ ಪಂದ್ಯ. ಬೆಳಿಗ್ಗೆ ಎಂಟು ಫ್ರೇಮ್, ಊಟವಾದ ಮೇಲೆ ಉಳಿದದ್ದು. ಮೊದಲ ನಾಲ್ಕು ಫ್ರೇಮ್ ಹೇಗೆ ಹೋದವು ಅಂತ ವರ್ಣಿಸುವುದು ಪಾಪ. ಮೂರು ಸಲ ತುದಿ ಜಾರಿತು. ಕ್ಯೂನಿಂದ ಹೊಡೆಯುವ ಬಿಳಿ ಚೆಂಡು, ಕಪ್ಪು ಚೆಂಡಿನ ಹಿಂದೆ ನಿಲ್ಲಬೇಕಾದದ್ದು, ಕುಡಿದವನ ಹಾಗೆ ಹೋಗಿ ಮೇಜಿನ ಅಂಚಿಗೆ ಅಂಟಿಕೊಂಡಿತು. ಕ್ಲಬ್ಬಿನ ಹುರಿಯಾಳುಗಳು ಹಿಂದಿನ ಸಾಲಿನಲ್ಲಿ ಕೂತು, “ಚಕ್ಕಳ ಟಿಪ್ ಪಳಗಿಸ್ತಿದ್ದಾನೆ ಕಣ್ರೋ, ಮ್ಯಾಚ್ ಯಾವಾಗ ಶುರುವಂತೆ?” ಅಂದರು. ಡ್ರೈವರ್ ಯಾರ ಮುಖವನ್ನೂ ನೋಡದೆ ಸ್ಟಾಪಿನಿಂದ ಸ್ಟಾಪಿಗೆ ಬಸ್ಸು ಓಡಿಸಿದ. ನಾಲ್ಕು ಸೊನ್ನೆ.

ನಡುವಿನ ಬಿಡುವಿನಲ್ಲಿ ಎಲ್ಲರೂ ಚಹಾಕ್ಕೆ ಹೋದರು. ಭಾಮೈದ ಪಕ್ಕದ ಅಭ್ಯಾಸದ ಮೇಜಿಗೆ ಹೋಗಿ, ಗುರಿ ಗಿರಿ ಏನೂ ಇಲ್ಲದೆ, ಮೇಜಿನ ಈ ತುದಿಯಿಂದ ಆ ತುದಿಗೆ ಮೈಯ ಶಕ್ತಿಯನ್ನೆಲ್ಲ ಹಾಕಿ ಹೊಡೆದ. ಚೆಂಡು ಹೋಗಿ ಬಡಿದು ವಾಪಸ್ ಬರುವ ಮೊದಲೇ ಇನ್ನೊಂದನ್ನು ಹೊಡೆದ. ಅಂಚನ್ನು ಉಪ್ಪುಕಾಗದದಲ್ಲಿ ಸವರಿದ, ಬೆಂಚಿನ ಮರಕ್ಕೆ ಒತ್ತಿ ಉರುಳಿಸಿದ, ಮತ್ತೆ ಹೊಡೆದ. ಒಂದೆರಡು ದಿನ ಹಿಡಿಯುವ ಕೆಲಸವನ್ನು ಚಹಾ ಆರುವುದರೊಳಗೆ ಮಾಡಲು ಹೊರಟಿದ್ದ. ಬೇರೆ ಯಾರಾದರೂ ಮಾಡಿದ್ದರೆ ಚರ್ಮ ಸೀಳಿಹೋಗುತ್ತಿತ್ತು. ಎಲ್ಲಿ ನಿಲ್ಲಿಸಬೇಕು ಅಂತ ಅವನ ಕೈಗೆ ಗೊತ್ತಿತ್ತು.

ಐದನೆಯ ಫ್ರೇಮಿನಲ್ಲಿ, ಕಷ್ಟದ್ದೂ ಅಲ್ಲದ ಒಂದು ಕೆಂಪು ಚೆಂಡು ಹೊಡೆಯುವಾಗ, ಅದು ಬಂತು. ಮಣಿಕಟ್ಟಿಗೆ ಆ ನಡುಕ ತಲುಪಿತು. ಬಿಳಿ ಚೆಂಡು ಮುಂದೆ ಹೋಗಿ, ನೆನಪಾದವರ ಹಾಗೆ ನಿಂತು, ಹಿಂದಕ್ಕೆ ಬಂದು ಕಪ್ಪಿನ ಹಿಂದೆ ಸರಿಯಾಗಿ ಕೂತಿತು. ಭಾಮೈದನಿಗೆ ಅಳು ಬಂದಂತಾಯಿತು, ನಗು ಬಂದಂತೆಯೂ ಆಯಿತು. ಅದೂ ಸೇರಿ ಉಳಿದ ನಾಲ್ಕೂ ಫ್ರೇಮ್ ಅವನವೇ. ಹಿಂದಿನ ಸಾಲಿನ ಹುರಿಯಾಳುಗಳ ಬಾಯಿಗೆ ಬೀಗ ಬಿತ್ತು. ಕೊನೆಯ ಫ್ರೇಮಿನಲ್ಲಿ ಡ್ರೈವರ್ ಕುರ್ಚಿಯಿಂದ ಏಳಲೇ ಇಲ್ಲ, ನೀರು ಕುಡಿಯುತ್ತ ಕೂತಿದ್ದ. ನಾಲ್ಕು ನಾಲ್ಕು ಸಮ.

ಊಟದ ಬಿಡುವಿಗೆ ಹೊರಗೆ ಬಂದರೆ ಭಾವ ನಿಂತಿದ್ದ. ಸುತ್ತ ಜನ, ಫೋಟೋ, ಕೈಕುಲುಕಾಟ. ಜನರನ್ನು ಸರಿಸಿಕೊಂಡು ಭಾಮೈದನ ಹತ್ತಿರ ಬಂದು, ಸ್ಕೋರನ್ನೂ ಕೇಳದೆ, ಮೆಟ್ಟಿಲ ಮೇಲಿಂದ ಕೇಳುವ ಹಾಗೇ ಕೇಳಿದ.

“ಬಂತಾ?”

ಇಲ್ಲೇ ನೋಡಿ ಮನುಷ್ಯ ಕೆಟ್ಟದ್ದು. ‘ಇನ್ನೂ ಇಲ್ಲ ಭಾವ’ ಅಂದಿದ್ದರೆ ಮುಗಿಯುತ್ತಿತ್ತು. ಮೂರು ಪದ. ಅದಕ್ಕೆ ಸಾಕ್ಷಿ ಬೇಡ, ಪುರಾವೆ ಬೇಡ. ಆದರೆ ಅಷ್ಟು ಹೊತ್ತಿಗೆ ಅವನ ಎದೆ ತುಂಬಿ ತುಳುಕುತ್ತಿತ್ತು. ಅಷ್ಟು ಬೇಗ ಯಾವ ಟಿಪ್ಪೂ ಯಾರ ಕೈಯಲ್ಲೂ ಬಂದದ್ದಿಲ್ಲ. ಈ ಸಾಹಸ ಏನೆಂದು ತಿಳಿಯುವವನು ಜಗತ್ತಿನಲ್ಲಿ ಒಬ್ಬನೇ ಇದ್ದ, ಅವನು ಈಗ ಎದುರಿಗೆ ನಿಂತು ಕೇಳುತ್ತಿದ್ದ. ಮಗು ಹುಟ್ಟಿದ ಸುದ್ದಿ ಹೇಳುವವನ ಹಾಗೆ ಹೇಳಿಬಿಟ್ಟ.

“ಬಂತು ಭಾವ! ಎಂಥ ಟಿಪ್ ಅಂತೀರಾ! ಇಂಥದ್ದು ನಾನು ಕಂಡೇ ಇಲ್ಲ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಭಾವನ ಮುಖ ತಿಳಿಯಾಯಿತು. ಕೈಚಾಚಿ ಕ್ಯೂ ತೆಗೆದುಕೊಂಡ, ತಿರುಗಿಸಿ ಎರಡು ತುಂಡು ಮಾಡಿದ, ಭಾಮೈದನ ಕಂಕುಳಿನಿಂದ ಪೆಟ್ಟಿಗೆಯನ್ನೂ ತೆಗೆದುಕೊಂಡ.

“ಭಾವ, ಮಧ್ಯಾಹ್ನದ ಆಟ ಇದೆಯಲ್ಲ…”

“ಬಂದ ಮೇಲೆ ಒಂದು ಹೊಡೆತವೂ ಹೆಚ್ಚು. ಯಾರ ಮಾತಯ್ಯ ಇದು? ನಿನ್ನದೇ ಅಲ್ವಾ?” ಅಂದ ಭಾವ. ಹೌದು, ಅವನದೇ. ಎಷ್ಟೋ ವರ್ಷದಿಂದ ಭಾವನ ತಲೆಗೆ ಅವನೇ ತುಂಬಿದ ನಿಯಮ. “ಇನ್ನು ಒಂಬತ್ತು ಫ್ರೇಮ್ ಹೊಡೆದರೆ ಇದು ಉಳಿಯುತ್ತಾ, ನೀನೇ ಹೇಳು.”

“ಪೂರ್ತಿ ದಿನ ಅಂದಿದ್ರಿ.”

“ಅಂದಿದ್ದೆ. ಅಷ್ಟು ಹೊತ್ತು ಬೇಕಾಗುತ್ತೆ ಅಂತ ಅಂದಿದ್ದೆ. ಅರ್ಧ ದಿನದಲ್ಲೇ ಮುಗಿಸಿದ್ದೀಯ, ಭೇಷ್! ನಿನ್ನ ಕ್ಯೂ ಕಾರಿನ ಡಿಕ್ಕೀಲಿದೆ, ತಂದಿದ್ದೀನಿ.” ಹೆಗಲು ತಟ್ಟಿದ. “ಕೋಲಲ್ಲಿ ಏನಿದೆಯಯ್ಯ, ಕೈಯಲ್ಲಿ ಇರಬೇಕು.”

ಈ ಮಾತು ಹೇಳಿದವನು ವಿಮಾನದಲ್ಲಿ ತನ್ನ ಕೋಲಿಗೆ ಪ್ರತ್ಯೇಕ ಸೀಟು ತೆಗೆಸುವವನು. ಸುತ್ತಲಿದ್ದವರು ಚಾಂಪಿಯನ್ ಬಾಯಿಂದ ಬಂದ ನುಡಿಮುತ್ತಿಗೆ ಚಪ್ಪಾಳೆ ತಟ್ಟಿದರು.

ಭಾಮೈದ ಡಿಕ್ಕಿಯಿಂದ ತನ್ನ ಕ್ಯೂ ತೆಗೆದುಕೊಂಡ. ಕಿತ್ತುಕೊಂಡು ಓಡಬಹುದಿತ್ತು, ಕೂಗಾಡಬಹುದಿತ್ತು, ಭಾವನ ಕಾಲಿಗೂ ಬೀಳಬಹುದಿತ್ತು. ಏನೂ ಮಾಡಲಿಲ್ಲ. ಇನ್ನೊಬ್ಬರ ಮನೆಯಲ್ಲಿ ಬೆಳೆದವನಿಗೆ ಕೊಟ್ಟದ್ದನ್ನು ತೆಗೆದುಕೊಳ್ಳುವುದು ಮತ್ತು ಕೇಳಿದಾಗ ಹಿಂದಕ್ಕೆ ಕೊಡುವುದು, ಎರಡೇ ಅಭ್ಯಾಸ. ಮಧ್ಯಾಹ್ನ ಪರರ ಬಚ್ಚಲಲ್ಲಿ ತಡಕಾಡಿ ಒಂದು ಫ್ರೇಮ್ ಗೆದ್ದ, ಉಳಿದವನ್ನು ಸೋತ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಒಂಬತ್ತು ಐದು.

ಡ್ರೈವರ್ ಒಳ್ಳೆಯವನು. ಕೈಕುಲುಕುವಾಗ ಮೆಲ್ಲಗೆ ಕೇಳಿದ. “ಬೆಳಗಿನ ಕ್ಯೂ ಎಲ್ಲಿ ಹೋಯ್ತು?”

“ಬಿರುಕು ಬಿಡ್ತು,” ಅಂದ ಭಾಮೈದ. ಆ ಸುಳ್ಳು ಮಾತ್ರ ಹಲ್ಲಿಗೂ ತಾಕದೆ ಹೊರಗೆ ಬಂತು.

ಭಾವ ಹೋಗಿ ಟೂರ್ನಮೆಂಟ್ ಗೆದ್ದು ಬಂದ. ಆ ಟಿಪ್ ಅಂಥದ್ದು, ಕುರುಡನ ಕೈಗೆ ಕೊಟ್ಟರೂ ಗೆಲ್ಲಿಸುತ್ತಿತ್ತು. ಬಂದ ದಿನ ಮಧ್ಯಾಹ್ನ ಮೂವರೂ ಊಟಕ್ಕೆ ಕೂತರು. ಭಾವ ಖುಷಿಯಾಗಿದ್ದ. ಎರಡನೆಯ ಸಲ ಬಡಿಸಿಕೊಳ್ಳುತ್ತ, ಇದ್ದಕ್ಕಿದ್ದ ಹಾಗೆ ಕೇಳಿದ.

“ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಅವತ್ತು ನೀನು ‘ಬಂದಿಲ್ಲ’ ಅಂದಿದ್ರೆ ನಾನು ಕ್ಯೂ ಮುಟ್ತಿರಲಿಲ್ಲ ಕಣಯ್ಯ. ನನಗೇನು ಗೊತ್ತಾಗುತ್ತೆ? ನೀನು ಬಂತು ಅಂದ್ರೆ ಬಂತು, ಬಂದಿಲ್ಲ ಅಂದ್ರೆ ಬಂದಿಲ್ಲ. ಸಂಜೆವರೆಗೂ ಇಟ್ಕೋ ಅಂತ ಬಿಟ್ಟು ಬರ್ತಿದ್ದೆ. ಯಾಕೆ ಹೇಳಲಿಲ್ಲ?”

ಉತ್ತರ ಕೊಟ್ಟವಳು ಅಕ್ಕ. “ಅವನಾ? ಅವನು ಹೇಳ್ತಾನಾ?” ಅಂತ ನಗುತ್ತ ಅವನ ತಟ್ಟೆಗೆ ಇನ್ನಷ್ಟು ಹಾಕಿದಳು. “ನಿಮಗೆ ಅವತ್ತೇ ಹೇಳಿರಲಿಲ್ವಾ ನಾನು? ಹೋಗಿ ಕೇಳಿ ನೋಡಿ, ಬಂದಿದ್ರೆ ಬಂತು ಅಂತ್ಲೇ ಹೇಳ್ತಾನೆ ಅಂತ. ” ತಮ್ಮನ ಕಡೆ ತಿರುಗಿದಳು. “ಇವರು ಒಪ್ಪಲಿಲ್ಲ ಕಣೋ. ಅಷ್ಟು ದೊಡ್ಡ ಪಂದ್ಯ, ಯಾವನಾದರೂ ಸುಳ್ಳು ಹೇಳದೆ ಬಿಡ್ತಾನಾ ಅಂದ್ರು. ನಾನೇ ನಿನ್ನ ಕೋಲನ್ನ ಕಾರಿಗೆ ಹಾಕಿ ಕಳಿಸಿದೆ. ನನ್ನ ತಮ್ಮ ನನಗೆ ಗೊತ್ತಿಲ್ವಾ? ಸುಳ್ಳು ಹೇಳೋಕೂ ಎದೆ ಬೇಕು.”

ಭಾವ ನಕ್ಕ. ಅಕ್ಕನೂ ನಕ್ಕಳು. ಆಮೇಲೆ ಅಕ್ಕ ನಗುವನ್ನು ಒರೆಸಿಕೊಂಡು, ತಮ್ಮನಿಗೆ ಬುದ್ಧಿ ಹೇಳುವ ದನಿಯಲ್ಲಿ, “ನೀನು ಗೆದ್ದು ಊರೂರು ಹೊರಟುಬಿಟ್ಟಿದ್ರೆ ಇಲ್ಲಿ ಟಿಪ್ ನೋಡೋರು ಯಾರು? ಇವರ ಆಟ ನಿಂತ್ರೆ ಈ ಮನೆ ನಿಲ್ಲುತ್ತಾ? ನಿನಗೂ ಇದೇ ಮನೆ ತಾನೇ? ಊಟ ಮಾಡು, ತಣ್ಣಗಾಗುತ್ತೆ,” ಅಂದಳು.

ಅವನು ಊಟ ಮಾಡಿದ. ಭಾವ ಕಿತ್ತುಕೊಂಡದ್ದು ನೋವಾಗಿತ್ತು, ಅದು ನುಂಗುವಂಥ ನೋವು. ಇದು ಬೇರೆ. ತಾಯಿಯ ಜಾಗದಲ್ಲಿ ನಿಂತು ಸಾಕಿದವಳು ಅವನ ಒಳ್ಳೆಯತನವನ್ನು ಚೆನ್ನಾಗಿ ಅಳೆದು, ಅದೇ ಅಳತೆಗೆ ಹಗ್ಗ ಹೊಸೆದಿದ್ದಳು. ಅಲ್ಲೇ, ತಟ್ಟೆಯ ಮುಂದೆಯೇ, ಅವನು ಅಕ್ಕನನ್ನು ದ್ವೇಷಿಸಿದ. ಕೈ ತೊಳೆಯುವಾಗ ಭಾವನ ಒಂದು ಮಾತು ತಲೆಯಲ್ಲಿ ಉಳಿದಿತ್ತು. ನನಗೇನು ಗೊತ್ತಾಗುತ್ತೆ, ನೀನು ಬಂತು ಅಂದ್ರೆ ಬಂತು.

ಮುಂದಿನ ಟಿಪ್ಪನ್ನು ಅವನು ಮಾಮೂಲಿನಂತೆ ಪಳಗಿಸಿದ. ಅಂಟಿಸಿದ, ಸವರಿದ, ಬೆಳಗಿನಿಂದ ಸಂಜೆಯವರೆಗೆ ಹೊಡೆದ. ಆ ಚರ್ಮ ಇನ್ನೂ ಹಸಿಯಾಗಿತ್ತು, ಮೇಲೆ ಗಟ್ಟಿ ಒಳಗೆ ಮೆತ್ತಗೆ. ಸುಮ್ಮನೆ ಹೊಡೆದರೆ ಗೊತ್ತಾಗದು, ಪಂದ್ಯ ಬಿಗಿಯಾದ ಹೊತ್ತಿನಲ್ಲಿ ಸರಿಯಾಗಿ ಕೈಕೊಡುವಂಥದ್ದು. ಭಾವ ಮೆಟ್ಟಿಲ ಮೇಲಿಂದ ಬಗ್ಗಿದ.

“ಬಂತಾ?”

“ಬಂತು ಭಾವ.”

ಭಾವ ಮುಟ್ಟಿಯೂ ನೋಡದೆ ಪೆಟ್ಟಿಗೆಗೆ ಹಾಕಿಕೊಂಡು ಹೋದ. ಮೊದಲ ಸುತ್ತಿನಲ್ಲೇ ಸೋತು ಬಂದ. ಬಂದವನು ಟಿಪ್ಪಿನ ಸುದ್ದಿ ಎತ್ತಲಿಲ್ಲ. ಎತ್ತುವುದು ಹೇಗೆ? ಟಿಪ್ ಬಂದಿತ್ತು, ಭಾಮೈದ ಹೇಳಿದ್ದ, ಭಾಮೈದ ಸುಳ್ಳು ಹೇಳುವವನಲ್ಲ. ಹಾಗಾದರೆ ತಪ್ಪು ಇನ್ನೆಲ್ಲೋ ಇರಬೇಕು. ಕಣ್ಣಿನ ಡಾಕ್ಟರಿಗೆ ತೋರಿಸಿದ, ಕಣ್ಣು ಚೆನ್ನಾಗಿದೆ ಅಂದರು. ಮುಂದಿನ ಸಲ ಭಾಮೈದ ಟಿಪ್ಪನ್ನು ಬಂದ ಮೇಲೂ ಹೊಡೆದು ಹೊಡೆದು ಕಲ್ಲಾ­ಗಿಸಿ “ಈಗ ಬಂತು” ಅಂದ. ಭಾವ ಮತ್ತೆ ಸೋತ. ಮಣಿಕಟ್ಟಿಗೆ ಪಟ್ಟಿ ಕಟ್ಟಿಸಿಕೊಂಡ, ನಿಲ್ಲುವ ಭಂಗಿ ಬದಲಾಯಿಸಿದ, ಹೊಸ ಕೋಚ್ ಇಟ್ಟುಕೊಂಡ. ಕೋಚ್ ಮೊದಲ ದಿನವೇ, “ಟಿಪ್ ಸ್ವಲ್ಪ ನೋಡೋಣವೇ?” ಅಂದ. ಅವನನ್ನು ಭಾವ ಸಂಜೆಯೊಳಗೆ ಕಳಿಸಿಬಿಟ್ಟ. “ನನ್ನ ಭಾಮೈದನ ಮೇಲೆ ಅನುಮಾನ ಪಡೋನು ನನಗೆ ಬೇಡ,” ಅಂದ.

ಒಂದೊಂದು ಸಲ ಭಾಮೈದ ಒಳ್ಳೆಯ ಟಿಪ್ಪನ್ನೇ ಕೊಡುತ್ತಿದ್ದ. ಅದು ಕರುಣೆಯಲ್ಲ. ಅಷ್ಟು ಹೊತ್ತಿಗೆ ಭಾವನ ಕೈ ನಿಜವಾಗಿಯೂ ನಡುಗಲು ಶುರುವಾಗಿತ್ತು, ಒಳ್ಳೆಯ ಟಿಪ್ಪಿನಲ್ಲೂ ಸೋಲುತ್ತಾನೋ ಅಂತ ನೋಡಬೇಕಿತ್ತು. ಸೋತ. ಊಟದ ಮೇಜಿನಲ್ಲಿ ಬಲಗೈಯನ್ನು ಬೇರೆಯವರದೆಂಬ ಹಾಗೆ ಮುಂದೆ ಇಟ್ಟುಕೊಂಡು ನೋಡುತ್ತ ಕೂರುವುದು ರೂಢಿಯಾಯಿತು. ಅತಿಥಿಗಳು ಬರುವುದು ನಿಂತಿತು. ಅಕ್ಕನ ನಗು ನಿಂತಿತು. ಭಾಮೈದನಿಗೆ ಇದರಿಂದ ಏನು ಸಿಕ್ಕಿತು ಅಂತ ಕೇಳಬೇಡಿ. ಮತ್ತೆ ಅರ್ಹತಾ ಪಂದ್ಯಕ್ಕೆ ಹೆಸರು ಕೊಡುವ ಆಸೆಯೂ ಅವನಲ್ಲಿ ಉಳಿದಿರಲಿಲ್ಲ. ಅವನಿಗೆ ಬೇಕಾದದ್ದು ನೆಲಮಾಳಿಗೆಯಲ್ಲೇ ಇತ್ತು, ಮೆಟ್ಟಿಲ ಮೇಲಿಂದ ‘ಬಂತಾ?’ ಅಂತ ಕೇಳುವ ಆ ನಂಬಿಕೆ.

ಒಂದು ಮಧ್ಯಾಹ್ನ ಅಕ್ಕ ಕೆಳಗಿಳಿದು ಬಂದಳು. ಆ ಮೆಟ್ಟಿಲನ್ನು ಅವಳು ಇಳಿದದ್ದೇ ಅಪರೂಪ. ಮೇಲೆ ಭಾವ ಮಲಗಿದ್ದ, ಎರಡು ದಿನದಿಂದ ಯಾರ ಹತ್ತಿರವೂ ಮಾತಾಡಿರಲಿಲ್ಲ. ಸಣ್ಣಪುಟ್ಟ ಟೂರ್ನಮೆಂಟಿನವರೂ ಕರೆಯುವುದು ಬಿಟ್ಟಿದ್ದರು. ಅಕ್ಕ ಮೇಜಿನ ಅಂಚು ಹಿಡಿದು ನಿಂತಳು. ಕಣ್ಣ ಕೆಳಗೆ ಕಪ್ಪಾಗಿತ್ತು, ತಲೆ ಬಾಚಿರಲಿಲ್ಲ.

“ಆಟ ಬಿಟ್ಟುಬಿಡ್ತೀನಿ ಅಂತಾರೆ ಕಣೋ,” ಅಂದಳು. “ಕೈ ಹೋಯ್ತು, ಕೈ ಹೋಯ್ತು ಅಂತ ಅದೊಂದೇ ಮಾತು. ಡಾಕ್ಟರು ಒಂದು ಹೇಳ್ತಾರೆ, ಕೋಚು ಒಂದು ಹೇಳ್ತಾರೆ. ಯಾರನ್ನೂ ನಂಬೋಕಾಗಲ್ಲ. ಬಿಡಬೇಡಿ, ಇನ್ನೊಂದು ವರ್ಷ ನೋಡೋಣ ಅಂತ ಹೇಳಲಾ, ಬಿಟ್ಟುಬಿಡಿ ಅಂತ ಹೇಳಲಾ? ನೀನು ಅವರ ಆಟ ದಿನಾ ನೋಡ್ತೀಯ. ನನ್ನ ಹತ್ತಿರ ಯಾವತ್ತೂ ಸುಳ್ಳು ಹೇಳಿದವನಲ್ಲ ನೀನು.” ಅವನ ಮುಂಗೈ ಹಿಡಿದುಕೊಂಡಳು. “ನಿಜ ಹೇಳು. ಅವರ ಕೈ ಹೋಗಿದೆಯಾ?”

ಭಾಮೈದ ಕ್ಯೂ ಪಕ್ಕಕ್ಕಿಟ್ಟು ಅಕ್ಕನ ಮುಖ ನೋಡಿದ. ಚಿಕ್ಕವನಿದ್ದಾಗ ಜ್ವರ ಬಂದರೆ ಇಡೀ ಹಗಲು ಪಕ್ಕದಲ್ಲಿ ಕೂರುತ್ತಿದ್ದ ಮುಖ ಅದು. ಅವನಿಗೆ ಅದು ಚೆನ್ನಾಗಿ ನೆನಪಿತ್ತು, ಆದರೂ ಏನೂ ಅನ್ನಿಸಲಿಲ್ಲ.

“ಹೋಗಿದೆ ಅಕ್ಕ,” ಅಂದ.

ಅಕ್ಕ ನಂಬಿದಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಗಂಡನಿಗೆ ಹೇಳಲು ಮೇಲೆ ಹೋದಳು.